ಉಸಿರಾಡುವ ಜಾಡಿ

ಕೇಳುವುದಾದರೆ ನೆಟ್ಟಗೆ ಕೂತು ಕೇಳಿ. ನಡುವೆ ಬಾಯಿ ಹಾಕಬಾರದು.

ಜಪಮಾಲಮ್ಮನಿಗೆ ಇಬ್ಬರು ಮಕ್ಕಳು. ಮಗಳು ಸಿಸಿಲಿ ಜಾಣೆ. ಮಗ ಚೌರಪ್ಪ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ಕೇಡು.

ಆ ವರ್ಷ ಸಿಸಿಲಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಗಂಡಿನ ಸೋದರಮಾವ ಇನ್ನಾಸಪ್ಪ ಹೇಳಿ ಕಳಿಸಿದ: "ಕ್ರಿಸ್ಮಸ್ ದಿನ ಬರ್ತೀವಿ. ಮನೇಲಿ ಮಾಡಿದ ದ್ರಾಕ್ಷಿ ವೈನು ಕುಡಿದೇ ನಾನು ಮಾತು ಕೊಡೋದು. ಅಂಗಡೀದು ಬೇಡ."

ಜಪಮಾಲಮ್ಮನ ಗಂಡ ತೀರಿಹೋಗಿದ್ದ, ಅವನ ಟ್ಯಾಕ್ಸಿಯೂ ಹೋಗಿತ್ತು. ಕಾರಿನ ಶೆಡ್ಡು ಮಾತ್ರ ಉಳಿದಿತ್ತು.

"ವೈನು ಅಲ್ಲೇ ಇಡೋಣ. ಹೋಗು ಚೌರಪ್ಪ, ಶೆಡ್ಡಲ್ಲಿರೋದನ್ನೆಲ್ಲಾ ಹೊರಗೆ ಹಾಕು!"

ಚೌರಪ್ಪ ಹಾಕಿದ. ಹಳೇ ಟೈರು ಹೊರಗೆ. ಗ್ರೀಸಿನ ಡಬ್ಬ ಹೊರಗೆ. ಬಲ್ಬು ಹೊರಗೆ. ಕೊನೆಗೆ ಬಾಗಿಲನ್ನೂ ಕಿತ್ತು ಹೊರಗೆ!

"ಅಯ್ಯೋ ಪೆದ್ದೇ! ಮುಚ್ಚಳ ಆಗಲಿ ಬಾಗಿಲಾಗಲಿ ಬಿಗಿಯಾಗಿ ಮುಚ್ಚಿರಬೇಕು ಕಣೋ! ಒಳಗಿಂದು ಹೊರಗೆ ಬರಬಾರದು!"

"ಆಗಲಮ್ಮ. ಇನ್ನು ಹಾಗೇ ಮಾಡ್ತೀನಿ."

ಬಾಗಿಲನ್ನು ಮತ್ತೆ ಕೂರಿಸಿ, ಎರಡು ಜಾಡಿಗಳನ್ನು ಕುದಿನೀರಲ್ಲಿ ತೊಳೆದು ಒಣಗಿಸಿದರು. ಕಿವುಚಿದ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಿಟಿಕೆ ಈಸ್ಟು ಹಾಕಿದರು. ಜಪಮಾಲಮ್ಮ ಪೂಜೆಗೆಂದು ಚರ್ಚಿಗೆ ಹೋದಳು. ಚೌರಪ್ಪನಿಗೆ ಅಮ್ಮನ ಮಾತು ನೆನಪಾಯಿತು. ಒಂದು ಜಾಡಿಗೆ ಮುಚ್ಚಳ ಒತ್ತಿದ, ತಂತಿ ಸುತ್ತಿದ, ಮೇಲೆ ರುಬ್ಬುಗುಂಡು ಹೇರಿದ. ಇನ್ನೊಂದಕ್ಕೆ ತಂತಿ ಸಾಲಲಿಲ್ಲ.

ಮೂರನೇ ದಿನ, ಢಂ!

ರುಬ್ಬುಗುಂಡು ಮೂಲೆಯಲ್ಲಿ, ದ್ರಾಕ್ಷಿ ಸಿಪ್ಪೆ ಹೆಂಚಿನಲ್ಲಿ, ಜಾಡಿ ನೂರು ಚೂರು.

"ನನ್ನ ಹೊಟ್ಟೇಲಿ ಯಾಕಾದ್ರೂ ಹುಟ್ಟಿದೆಯೋ! ಅದು ಉಸಿರಾಡುತ್ತೆ ಕಣೋ! ಉಸಿರಾಡೋದರ ಬಾಯಿಗೆ ತೆಳು ಬಟ್ಟೆ ಕಟ್ಟಬೇಕು!"

"ಉಸಿರಾಡುತ್ತಾ?"

ಉಳಿದ ಜಾಡಿಗೆ ಕಿವಿಯಿಟ್ಟ. ಗುಳು ಗುಳು, ಗುಳು ಗುಳು. ಚೌರಪ್ಪನ ಕಣ್ಣು ಅರಳಿತು.

"ಅಮ್ಮಾ! ಕೈಯಿಲ್ಲ, ಕಾಲಿಲ್ಲ, ಬೆಂಕಿಯಿಲ್ಲ, ತಾನೇ ಕುದೀತಿದೆ! ಒಳಗೆ ಯಾರಮ್ಮ ಇರೋದು?"

ಬೈಯಲು ಬಾಯಿ ತೆರೆದ ಜಪಮಾಲಮ್ಮನೂ ಬಗ್ಗಿ ಕಿವಿಯಿಟ್ಟಳು. ಎಷ್ಟೋ ಹೊತ್ತು ಏಳಲಿಲ್ಲ. "ದೇವರ ಕೆಲಸ ಕಣೋ," ಎಂದಳು ಮೆಲ್ಲಗೆ. "ಇದೊಂದೇ ಉಳಿದಿರೋದು. ಹಬ್ಬದ ತನಕ ನೀನೇ ಕಾಯಿ."

ಜಾಡಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಚೌರಪ್ಪ ಕಾದ. ದಿನಾ ಬೆಳಗ್ಗೆ ಕೈಮುಗಿದು ಒಳಗೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಇನ್ನಾಸಪ್ಪ ಹಾಗೇ ನೋಡಿಹೋಗಲು ಬಂದ. ಊಟ ಮಾಡಿ, ಜಗಲಿಯ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆಹೋದ. ಗೊರ್ ಗೊರ್, ಗೊರ್ ಗೊರ್.

"ಇವರೂ ಉಸಿರಾಡ್ತಾರೆ!" ಎಂದ ಚೌರಪ್ಪ. ಬಟ್ಟೆ ತಂದ. ಬಾಯಿಗೆ ಕಟ್ಟಿದ.

ಇನ್ನಾಸಪ್ಪ ಕುರ್ಚಿ ಸಮೇತ ಬಿದ್ದ! "ಏನಮ್ಮ, ನಾನು ಸತ್ತೆ ಅಂದ್ಕೊಂಡ್ರಾ?" ಎಂದು ಕೂಗಾಡಿದ. ಜಪಮಾಲಮ್ಮ ಕೈಕಾಲು ಹಿಡಿದು ಸಮಾಧಾನ ಮಾಡಿ ಕಳಿಸಿದಳು. ಆಮೇಲೆ ಮಗನ ಕಿವಿ ಹಿಂಡಿದಳು.

"ಉಸಿರು ನಿಂತೋರಿಗೆ ಕಣೋ ಬಾಯಿ ಕಟ್ಟಿ, ಜಪ ಹೇಳಿ, ಮಣ್ಣಿಗೆ ಕೊಡೋದು!"

"ಆಗಲಮ್ಮ. ಇನ್ನು ಹಾಗೇ ಮಾಡ್ತೀನಿ."

ಕ್ರಿಸ್ಮಸ್ ಬಂತು. ಬೀಗರು ಬಂದು ಕೂತರು. ಇನ್ನಾಸಪ್ಪ ಮೀಸೆ ತಿರುವಿದ. "ಎಲ್ಲಮ್ಮ ವೈನು?"

ಜಪಮಾಲಮ್ಮ ಶೆಡ್ಡಿನ ಬಾಗಿಲು ತೆಗೆದಳು. ಜಾಡಿ ಇಲ್ಲ! ನೆಲದ ಮೇಲೆ ಒಂದು ದುಂಡನೆ ಗುರುತು, ಅಷ್ಟೇ.

"ಚೌರಪ್ಪಾ! ಜಾಡಿ ಎಲ್ಲೋ?"

ಅವನ ಕಣ್ಣಲ್ಲಿ ನೀರು. "ಮೊನ್ನೆ ಉಸಿರು ನಿಂತುಹೋಯ್ತಮ್ಮ. ಎಷ್ಟು ಕಿವಿಯಿಟ್ರೂ ಗುಳು ಗುಳು ಇಲ್ಲ. ಬಾಯಿ ಮೊದಲೇ ಕಟ್ಟಿತ್ತು. ಜಪ ಹೇಳಿ ಸೀಬೇಮರದ ಕೆಳಗೆ ಮಣ್ಣಿಗೆ ಕೊಟ್ಟೆ. ಮುಖಕ್ಕೆ ಮಣ್ಣು ಬೀಳಬಾರದು ಅಂತ ತಟ್ಟೆ ಮುಚ್ಚಿದ್ದೀನಿ."

ಸಿಸಿಲಿ ಸೀಬೇಮರದತ್ತ ಓಡಿದಳು. ಜಪಮಾಲಮ್ಮ ಸೆರಗು ಸಿಕ್ಕಿಸಿ ಗುದ್ದಲಿ ಹಿಡಿದಳು. ಮಣ್ಣು ತೆಗೆದರು, ತಟ್ಟೆ ತೆಗೆದರು, ಬಟ್ಟೆ ಬಿಚ್ಚಿದರು. ಚರ್ಚಿನ ಕಿಟಕಿಯ ಕೆಂಪುಗಾಜಿನ ಹಾಗೆ ತಿಳಿಯಾಗಿ ನಿಂತಿತ್ತು ವೈನು. ಮರದ ಕೆಳಗೆಲ್ಲ ಘಮ.

ಇನ್ನಾಸಪ್ಪ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಶಿಲುಬೆ ಗುರುತು ಹಾಕಿಕೊಂಡ.

"ನನ್ನ ಜನ್ಮದಲ್ಲಿ ಇಂಥಾದ್ದು ಕುಡಿದಿಲ್ಲ ತಾಯಿ. ಹುಡುಗಿ ನಮ್ಮವಳೇ!"

ಜಪಮಾಲಮ್ಮ ಮಗನನ್ನು ತಬ್ಬಲು ತಿರುಗಿದಳು. ಮಗ ಅಲ್ಲಿಲ್ಲ.

ಢಣ್! ಢಣ್! ಢಣ್! ಚರ್ಚಿನ ಗಂಟೆ. ಬೀದಿಗೆ ಬೀದಿಯೇ ಓಡಿತು. ಪಾದ್ರಿಗಳು ಅರ್ಧ ಊಟದಲ್ಲಿ ಎದ್ದು ಬಂದರು. ಚೌರಪ್ಪ ಗಂಟೆಯ ಹಗ್ಗಕ್ಕೆ ಜೋತುಬಿದ್ದು ಕೂಗುತ್ತಿದ್ದ.

"ಮೊನ್ನೆ ಮಣ್ಣು ಮಾಡಿದ್ದು ಇವತ್ತು ಎದ್ದು ಬಂತು ಸ್ವಾಮಿ! ಮೂರನೇ ದಿನ, ಯೇಸುಸ್ವಾಮಿ ಎದ್ದ ಹಾಗೇ! ಎಲ್ಲರಿಗೂ ಈಸ್ಟರ್ ಹಬ್ಬ! ಈಸ್ಟರ್ ಹಬ್ಬ!"

ಹಿಂದಿನ ರಾತ್ರಿಯಷ್ಟೇ ಹುಟ್ಟಿದ ಬಾಲಯೇಸು, ಚರ್ಚೊಳಗೆ ಕ್ರಿಸ್ಮಸ್ಸಿಗೆ ಕಟ್ಟಿದ ಗೋದಲಿಯ ಹುಲ್ಲಿನ ಮೇಲೆ ಇನ್ನೂ ಮಲಗಿದ್ದ.