ಗ್ಲೈಡರ್ ಮತ್ತು ಟ್ರೇಲರ್

ಎಂಜಿನ್ ಇಲ್ಲದೆ ಗಾಳಿಯನ್ನೇ ನಂಬಿ ಹಾರುವ ಒಂದು ಗ್ಲೈಡರ್ ಇತ್ತು. ಅದು ದೂರದಲ್ಲೆಲ್ಲಾದರೂ ಇಳಿದುಬಿಟ್ಟರೆ, ರೆಕ್ಕೆ ಬಿಚ್ಚಿಸಿ ಹೊತ್ತು ತರಲು ಒಂದು ಟ್ರೇಲರ್ ಇತ್ತು. ಒಂದು ಬೆಳಿಗ್ಗೆ ಪೈಲಟ್ ಮಂದಪ್ಪ ಟ್ರೇಲರಿನ ಚಕ್ರಕ್ಕೆ ಗಾಳಿ ತುಂಬಲು ಹೊರಟಾಗ ಗ್ಲೈಡರ್ ಸಿಡುಕಿತು: "ಹಾರುವ ಮುಂಚೆಯೇ ಅದನ್ನು ಅಣಿ ಮಾಡುವುದು ಅಪಶಕುನ. ನಾನು ಇಲ್ಲಿಗೇ ಬಂದು ಇಳಿಯುತ್ತೇನೆ."

ಮಂದಪ್ಪ ಪಂಪು ಕೆಳಗಿಟ್ಟ.

ಮಧ್ಯಾಹ್ನ ಮೋಡ ಮುಸುಕಿತು. ಮೇಲೆತ್ತುವ ಬಿಸಿಗಾಳಿ ಇಲ್ಲದೆ ಗ್ಲೈಡರ್ ದೂರದ ಜೋಳದ ಹೊಲವೊಂದರಲ್ಲಿ ಇಳಿಯಿತು. ಬಿರುಗಾಳಿ ಅದನ್ನು ಮಗುಚಲು ನೋಡಿತು. ಮಂದಪ್ಪ ರೆಕ್ಕೆಯ ತುದಿಯ ಮೇಲೆ ಕುಳಿತು, ಮಳೆಯಲ್ಲಿ ನೆನೆಯುತ್ತ, ಅದುಮಿ ಹಿಡಿದ.

ಸಂಜೆ ಮಂದಪ್ಪನ ಗೆಳೆಯರ ಜೀಪಿನ ಹಿಂದೆ, ಮೈತುಂಬ ಕೆಸರು ಮೆತ್ತಿಕೊಂಡು ಟ್ರೇಲರ್ ಬಂತು.

"ಇಷ್ಟು ತಡವೇಕೆ?" ಎಂದಿತು ಗ್ಲೈಡರ್.

"ಗಾಳಿ ಸಾಲದ ಟೈರು ದಾರಿಯಲ್ಲಿ ಒಡೆಯಿತು. ಸ್ಟೆಪ್ನಿ ಹಾಕಿಸಿಕೊಂಡೆ. ಹಳ್ಳದಲ್ಲಿ ಹೂತುಹೋದೆ. ತಳ್ಳಿಸಿಕೊಂಡು ಬಂದೆ."

"ಅರ್ಧ ದಾರಿಯಿಂದಲೇ ಹಿಂದಿರುಗಬಹುದಿತ್ತಲ್ಲ?"

"ಆಕಾಶ ಕೈಬಿಟ್ಟಾಗ ನೀನು ನೆಲಕ್ಕೆ ಬಂದೆ. ನಾನೂ ಕೈಬಿಟ್ಟಿದ್ದರೆ ನೀನು ಎಲ್ಲಿಗೆ ಹೋಗುತ್ತಿದ್ದೆ?"

ಗ್ಲೈಡರ್ ರೆಕ್ಕೆ ಬಿಚ್ಚಿಸಿಕೊಂಡು ಟ್ರೇಲರ್ ಏರಿತು.

ಮರುದಿನ ಮೋಡ ಚದುರಿತು. ಹಾರಲು ಬಂದ ಮಂದಪ್ಪನಿಗೆ ಗ್ಲೈಡರ್ ಹೇಳಿದ ಮೊದಲ ಮಾತು: "ಪಂಪು ಎಲ್ಲಿ?"