ದೇವೀರಮ್ಮನ ಟಕೀಲಾ ಪಾನಕ

ಒಂದಾನೊಂದು ಊರಿನಲ್ಲಿ ಒಂದೇ ಒಂದು ಮನೆ ಉಳಿದಿತ್ತು. ಊರು ಅಂದಮೇಲೆ ಹತ್ತಾರು ಮನೆ ಇರಬೇಕಲ್ಲ ಅಂತ ಕೇಳುತ್ತೀರಿ. ಇದ್ದವು. ಅವು ಹೇಗೆ ಹೋದವು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಆ ಊರಿನ ರಾಜ ಮಂಡೆಬಿಸಿರಾಯ. ಅವನ ತಲೆ ಸದಾ ಕಾದಿರುತ್ತಿತ್ತು. ಕಿರೀಟದ ಮೇಲೆ ದೋಸೆ ಹೊಯ್ಯಬಹುದಿತ್ತು, ಹೊಯ್ಯುತ್ತಲೂ ಇದ್ದರು. ತಲೆ ತಣ್ಣಗಾಗಲು ವೈದ್ಯ ಒಂದು ಪಾನಕ ಹೇಳಿದ: ಟಕೀಲಾ ಮತ್ತು ಗ್ರೇಪ್‌ಫ್ರೂಟ್ ರಸ. ಟಕೀಲಾ ಅಂದರೆ ದೂರದೇಶದ ಕತ್ತಾಳೆಯಿಂದ ಇಳಿಸಿದ ಮದ್ಯ. ಗ್ರೇಪ್‌ಫ್ರೂಟ್ ಅಂದರೆ ದ್ರಾಕ್ಷಿಯಲ್ಲ, ನಮ್ಮ ಚಕ್ಕೋತಕ್ಕೆ ಚಿಕ್ಕಪ್ಪನ ಮಗ.

"ಆದರೆ ಮನೆಯಲ್ಲೇ ಮಾಡಿ, ಮನೆಯಲ್ಲೇ ಕುಡಿಯಬೇಕು," ಅಂದ ವೈದ್ಯ.

ಅರಮನೆ ಮನೆಯಲ್ಲ. ಅದಕ್ಕೇ ರಾಜ ಒಬ್ಬರ ಮನೆಗೆ ಹೋದ. ಆದರೆ ರಾಜನ ಕಾಲಿನ ಧೂಳು ಬಿದ್ದ ಜಾಗವೆಲ್ಲ ಅರಮನೆ ಅಂತ ಕಾನೂನಿತ್ತು. ಕಾಲಿಟ್ಟ, ಮನೆ ಅರಮನೆಯಾಯಿತು, ಪಾನಕ ಕೆಟ್ಟಿತು, ಮನೆಯವರು ಬೀದಿಗೆ ಬಂದರು. ಪಕ್ಕದ ಮನೆಗೆ ಹೋದ. ಕಾಲಿಟ್ಟ, ಅರಮನೆಯಾಯಿತು, ಪಾನಕ ಕೆಟ್ಟಿತು, ಮನೆಯವರು ಬೀದಿಗೆ ಬಂದರು. ಹೀಗೆ ನಲವತ್ತೊಂದು ಮನೆ. ಮಂತ್ರಿ ಹೌದಪ್ಪ ಪ್ರತಿ ಸಲವೂ, "ರಾಜ್ಯ ಬೆಳೀತಿದೆ ಪ್ರಭು," ಅನ್ನುತ್ತಿದ್ದ.

ಉಳಿದದ್ದು ದೇವೀರಮ್ಮನ ಎರಡಂಕಣದ ಮನೆ. ನಲವತ್ತೊಂದು ಮನೆಯವರೂ ಅವಳ ಜಗಲಿ ಮೇಲೆ, ಮಾಡಿನ ಮೇಲೆ, ಒಬ್ಬರ ಮೇಲೊಬ್ಬರು ಮಲಗುತ್ತಿದ್ದರು. ಈ ಮನೆಯೂ ಹೋದರೆ ಎಲ್ಲರಿಗೂ ಬಯಲೇ ಗತಿ.

ರಾಜ ಬರುವ ದಿನ ದೇವೀರಮ್ಮ ಲೋಟದ ಅಂಚಿಗೆ ನಿಂಬೆಹಣ್ಣು ಉಜ್ಜಿ ಉಪ್ಪು ಮೆತ್ತಿದಳು. ಐಸ್ ಹಾಕಿದಳು. ಗ್ರೇಪ್‌ಫ್ರೂಟ್ ಕೊಯ್ಯಲು ಹೋದರೆ ಹಣ್ಣೇ ಮಾತಾಡಿತು.

"ಈಗಲೇ ಹಿಂಡಬೇಡ ಅಕ್ಕ. ನಮ್ಮಣ್ಣಂದಿರು ನಲವತ್ತೊಂದು ಜನ ಸುಮ್ಮನೆ ಸತ್ತರು."

"ಮತ್ತೆ ಯಾವಾಗ ಹಿಂಡಲಿ?"

"ಅವನು ಮನುಷ್ಯ ಆದಮೇಲೆ."

"ಸಮುದ್ರ ದಾಟಿ ಬಂದಿದೀನಿ. ಇನ್ನೊಂದು ಗಳಿಗೆ ಕಾಯ್ತೀನಿ ಬಿಡು," ಅಂತು ಟಕೀಲಾ ಸೀಸೆ.

ಅಷ್ಟರಲ್ಲಿ ರಾಜ ಬಂದು ಹೊಸ್ತಿಲ ಮುಂದೆ ಕಾಲೆತ್ತಿದ.

"ಕಾಲು ತೊಳ್ಕೊಂಡು ಬಾಪ್ಪ," ಅಂದಳು ದೇವೀರಮ್ಮ.

ಹೊರಗಿಂದ ಬಂದವರು ಕಾಲು ತೊಳೆದೇ ಒಳಗೆ ಬರಬೇಕು. ಇದು ನಿಮಗೂ ಗೊತ್ತು. ಆ ನಲವತ್ತೊಂದು ಮನೆಯವರಿಗೂ ಗೊತ್ತಿತ್ತು. ಹೇಳಲು ಹೆದರಿದ್ದರು, ಅಷ್ಟೆ.

"ಪ್ರಭುಗಳಿಗೆ ಹಾಗೆಲ್ಲ ಹೇಳಬಾರದಮ್ಮ," ಅಂದ ಹೌದಪ್ಪ.

"ಈಗಷ್ಟೇ ನೆಲ ಸಾರಿಸಿದೀನಿ. ಯಾರಾದರೇನು?"

ರಾಜನಿಗೆ ತಲೆ ಸುಡುತ್ತಿತ್ತು. ವಾದ ಮಾಡದೆ ಕಾಲಿಗೆ ಎರಡು ಚೊಂಬು ನೀರು ಹೊಯ್ದುಕೊಂಡ. ಧೂಳೆಲ್ಲ ಹರಿದು ಮೋರಿಗೆ ಬಿತ್ತು.

ಕಾನೂನು ಕಾನೂನೇ. ರಾಜನ ಧೂಳು ಬಿದ್ದದ್ದು ಮೋರಿಗೆ, ಆದ್ದರಿಂದ ಮೋರಿಯೇ ಅರಮನೆ. ಹೌದಪ್ಪ ಮೋರಿಗೆ ಕೈಮುಗಿದ, ಪಂಚೆ ಎತ್ತಿ ಕಟ್ಟಿದ, ಇಳಿದ. ನಲವತ್ತೊಂದು ಬಾಗಿಲು ಕಾಯುತ್ತಿದ್ದ ಭಟರೂ ಓಡಿಬಂದು ಇಳಿದರು. ಅರಮನೆಯ ಆನೆ ಜಾಗ ಸಾಲದೆ ಸೊಂಡಿಲನ್ನಷ್ಟೇ ಇಳಿಬಿಟ್ಟಿತು.

ಕಾಲಲ್ಲಿ ಧೂಳಿಲ್ಲದ್ದರಿಂದ ಮನೆ ಮನೆಯಾಗಿಯೇ ಉಳಿಯಿತು. "ಈಗ ಹಿಂಡು," ಅಂತು ಹಣ್ಣು. ದೇವೀರಮ್ಮ ಟಕೀಲಾ ಸುರಿದು, ರಸ ಹಿಂಡಿ, ಕೊನೆಗೆ ಸೋಡಾ ಹಾಕಿದಳು. ರಾಜ ಕುಡಿದ. ತಲೆಯಿಂದ ಚುಂಯ್ ಅಂತ ಹಬೆ ಹೋಯಿತು.

"ಉಪ್ಪು ಸ್ವಲ್ಪ ಕಮ್ಮಿ," ಅಂದ.

"ಲೋಟ ತೊಳೆದಿಡು," ಅಂದಳು.

ತಣ್ಣನೆ ತಲೆಯ ರಾಜ ಲೋಟ ತೊಳೆದಿಟ್ಟು, ಹೊರಗೆ ಬಂದು, ಮೋರಿಗೆ ಬಗ್ಗಿ ಹೇಳಿದ: "ಆ ನಲವತ್ತೊಂದು ಮನೆ ಬಿಟ್ಟುಕೊಡಿ."

"ನೀನ್ಯಾರಯ್ಯ?" ಅಂದ ಒಳಗಿಂದ ಹೌದಪ್ಪ. "ಅರಮನೆ ಇಲ್ಲಿದೆ. ಅರ್ಜಿ ಹಾಕು, ನೋಡೋಣ."

ರಾಜ ಅರ್ಜಿ ಬರೆಯುತ್ತ ಕೂತ. ಊರವರು ಅರ್ಜಿಗೆ ಕಾಯಲಿಲ್ಲ. ಎದ್ದರು, ಚಾಪೆ ಸುತ್ತಿದರು, ಭಟರಿಲ್ಲದ ಬಾಗಿಲು ತಳ್ಳಿ ಅವರವರ ಮನೆಗೆ ಹೋಗಿ ಕಾಲು ಚಾಚಿ ಮಲಗಿದರು.

ಈ ಕತೆಯ ನೀತಿ: ಸೋಡಾ ಮೊದಲೇ ಹಾಕಬೇಡಿ, ನೊರೆ ಹೋಗುತ್ತದೆ. ಅವರು ಮೋರಿಯಲ್ಲಿ, ನಾವು ಮನೆಯಲ್ಲಿ.