ಸೋಮವಾರದ ಹಣ್ಣಿನ ಪಫ್

“ಗುರುಗಳೇ, ಕಣ್ಣೆದುರಿಗೇ ತಪ್ಪು ನಡೆಯುತ್ತಿರುವಾಗ ತಿಳಿದವನು ಸುಮ್ಮನಿರಬೇಕೇ?”

ಕೇಳಿದವನು ಮಠದಲ್ಲಿ ಆರು ವರ್ಷ ಓದಿದ ಶಿಷ್ಯ. ಸಂಜೆ ಎಲ್ಲರ ಮುಂದೆ ಗ್ರಂಥ ಓದುವ ಕೆಲಸ ಆಗ ಹೊಸದಾಗಿ ಬಂದ ನಡುವಯಸ್ಸಿನವನೊಬ್ಬನದಾಗಿತ್ತು. ಅವನು ಓದುವಾಗ ಶಿಷ್ಯ ಕುಳಿತಲ್ಲಿಂದಲೇ ಅವನ ಉಚ್ಚಾರ ತಿದ್ದುತ್ತಿದ್ದ. ಮೂರು ಸಂಜೆ ಹೀಗಾಯಿತು. ನಾಲ್ಕನೆಯ ಸಂಜೆ ಆತ ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿದ. ಓದಲು ಬರಲಿಲ್ಲ.

“ನಾನು ಬೈಯಲಿಲ್ಲ, ಗೇಲಿ ಮಾಡಲಿಲ್ಲ. ಸರಿಯಾದದ್ದನ್ನು ಹೇಳಿದೆ, ಅಷ್ಟೇ” ಎಂದ ಶಿಷ್ಯ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೇಕರಿಯವನಿದ್ದ. ಅಚ್ಯುತ ಎಂದು ಹೆಸರು. ಬ್ರೆಡ್ಡು, ಬನ್ನು ಯಾರಾದರೂ ಮಾಡುತ್ತಾರೆ. ಅವನು ಹೆಸರು ಗಳಿಸಿದ್ದು ಪಫ್‌ನಿಂದ. ನಾದಿದ ಮೈದಾಹಿಟ್ಟಿನ ನಡುವೆ ಬೆಣ್ಣೆಯಿಟ್ಟು ಮಡಿಸಬೇಕು, ಲಟ್ಟಿಸಬೇಕು, ಮತ್ತೆ ಮಡಿಸಿ ತಣ್ಣಗಿಡಬೇಕು. ಹೀಗೆ ಐದಾರು ಸಲ ಆದಮೇಲೆ ಒಳಗೆ ಹಣ್ಣಿನ ಹೂರಣ ತುಂಬಿ ಬೇಯಿಸಬೇಕು. ಹಿಟ್ಟು ಮತ್ತು ಬೆಣ್ಣೆ ಒಂದರೊಳಗೊಂದು ಕರಗಿಹೋಗದಂತೆ ನೋಡಿಕೊಂಡರೆ ಮಾತ್ರ ಪದರಗಳು ಬಿಡಿಬಿಡಿಯಾಗಿ ಏಳುತ್ತವೆ. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ ಅಚ್ಯುತನಿಗೆ ಬೆಣ್ಣೆ ಎಷ್ಟು ಮೆತ್ತಗಾಗಿದೆ ಎನ್ನುವುದು ದೂರದಿಂದ ನೋಡಿದರೇ ತಿಳಿಯುತ್ತಿತ್ತು.

ಅವನ ಹೆಂಡತಿ ಸುಭದ್ರೆ. ಮದುವೆಯಾಗಿ ಬಂದ ಎರಡನೆಯ ವರ್ಷಕ್ಕೆ ಅತ್ತೆ ಹಾಸಿಗೆ ಹಿಡಿದರು. ಹನ್ನೊಂದು ವರ್ಷ ಅವರಿಗೆ ಉಣ್ಣಿಸಿ, ಮೀಯಿಸಿ, ಮಗ್ಗುಲು ಹೊರಳಿಸಿದವಳು ಅವಳೇ. ಅವರ ಹಿಂದೆಯೇ ಮಾವ. ಆಮೇಲೆ ಮಗಳ ಓದು, ಮಗಳ ಮದುವೆ. ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಒಂದು ದಿನ ಊಟ ಬಡಿಸುತ್ತ ಅವಳು ಹೇಳಿದಳು: “ನನಗೂ ಹಣ್ಣಿನ ಪಫ್ ಮಾಡಬೇಕು ಅನ್ನಿಸುತ್ತಿದೆ. ಬೇಕರಿಯಲ್ಲಿ ಅಲ್ಲ. ಇಲ್ಲಿ, ಮನೆಯಲ್ಲಿ. ಮೊದಲಿಂದ ಕೊನೆಯವರೆಗೆ ನಾನೇ.”

ಅಚ್ಯುತನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಷ್ಟು ವರ್ಷದಲ್ಲಿ ಅವಳು ತನಗಾಗಿ ಏನನ್ನೂ ಕೇಳಿದವಳಲ್ಲ. ಮಾರನೆಯ ದಿನವೇ ಮನೆಗೊಂದು ಸಣ್ಣ ಓವನ್ ತಂದ. ಬೇಕರಿಗೆ ಸೋಮವಾರ ರಜೆ. ಅವಳು ಸೋಮವಾರವನ್ನೇ ಗೊತ್ತುಮಾಡಿಕೊಂಡಳು.

ಮೊದಲ ಸೋಮವಾರ ಅವನು ಅಡುಗೆಮನೆಗೆ ಬರುವ ಹೊತ್ತಿಗೆ ಅವಳು ಅನಾನಸ್ ಹೆಚ್ಚಿ, ಬೆಲ್ಲ ಹಾಕಿ, ಒಲೆಯ ಮೇಲಿಟ್ಟಿದ್ದಳು. ಹೋಳುಗಳು ಹೆಬ್ಬೆರಳು ಗಾತ್ರ ಇದ್ದವು. ಮೇಲೆ ಕುಟ್ಟಿದ ಕಾಳುಮೆಣಸು.

“ಸಿಹಿಗೆ ಮೆಣಸು ಹಾಕುತ್ತಾರೇನೆ?” ಎಂದು ಅವನು ನಕ್ಕ.

“ಹಣ್ಣು ಹಲ್ಲಿಗೆ ಸಿಗಬೇಕು. ಆಮೇಲೆ ಹಿಂದಿನಿಂದ ಒಂದಿಷ್ಟು ಖಾರ ಬರಬೇಕು. ನನಗೆ ಹಾಗೆ ಅನ್ನಿಸಿತು” ಎಂದಳು.

ಅವನು ತಾಳ್ಮೆಯಿಂದ ತಿಳಿಸಿ ಹೇಳಿದ. ದೊಡ್ಡ ಹೋಳು ಬೆಂದಾಗ ನೀರು ಬಿಡುತ್ತದೆ, ನೀರು ಬಿಟ್ಟರೆ ಕೆಳಗಿನ ಪದರ ಹಸಿಯಾಗಿ ಉಳಿಯುತ್ತದೆ. ಬೆಲ್ಲ ಬೇಗ ಸೀಯುತ್ತದೆ, ಸಕ್ಕರೆ ಅಷ್ಟು ಬೇಗ ಸೀಯುವುದಿಲ್ಲ. ಅವನ ಮಾತು ನಿಜವಾಗಿತ್ತು. ಅವಳು ಆ ಹೂರಣವನ್ನು ಪಕ್ಕಕ್ಕಿಟ್ಟು ಬೇರೆ ಹಣ್ಣು ಹೆಚ್ಚಿದಳು. ಹಿಟ್ಟು ಲಟ್ಟಿಸುವಾಗ ಅವಳ ಕೈ ಭಾರ ಬೀಳುತ್ತಿತ್ತು. ಒಂದು ಮೂಲೆಯಲ್ಲಿ ಬೆಣ್ಣೆ ಇಣುಕಿತು.

“ಇಲ್ಲಿ ಕೊಡು” ಎಂದು ಅವನು ಕೈ ಚಾಚಿದ.

ಅವಳು ಲಟ್ಟಣಿಗೆ ಕೊಟ್ಟಳು. ಅವನು ನಾಲ್ಕು ಸಲ ಉರುಳಿಸಿ ಹಿಟ್ಟಿನ ಹಾಳೆಯನ್ನು ಸರಿಮಾಡಿ ಮತ್ತೆ ಅವಳ ಕೈಗಿತ್ತ. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಚಾಚಿದ.

ಆ ದಿನ ಪಫ್ ಬಹಳ ಚೆನ್ನಾಗಿ ಬಂತು. ಪಕ್ಕದ ಮನೆಯವರಿಗೆ ಕೊಟ್ಟಾಗ ಅವರು ಹೊಗಳಿದರು. “ಅವರ ಕೈ ಅದು” ಎಂದಳು ಸುಭದ್ರೆ. ಅದು ಹೆಂಡತಿಯ ಬಾಯಿಂದ ಬಂದ ಮೆಚ್ಚುಗೆ ಎಂದುಕೊಂಡು ಅಚ್ಯುತ ಹಿಗ್ಗಿದ.

ಮುಂದಿನ ಸೋಮವಾರಗಳಲ್ಲೂ ಅವನು ಪಕ್ಕದಲ್ಲಿ ನಿಂತ. ಒಮ್ಮೆಯೂ ದನಿ ಏರಿಸಲಿಲ್ಲ. ಚಾಕುವನ್ನು ಎಳೆಯಬೇಡ, ಎಳೆದರೆ ಅಂಚು ಅಂಟಿಕೊಂಡು ಪದರ ಏಳುವುದಿಲ್ಲ, ಒಂದೇ ಸಲ ಒತ್ತು ಎಂದ. ಮುಚ್ಚುವಾಗ ನೀರು ಇಷ್ಟೇ ಸವರು ಎಂದ. ಓವನ್ ಬಾಗಿಲು ಈಗಲೇ ತೆಗೆಯಬೇಡ ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಬರಬರುತ್ತ ಅವನು ಹೇಳುವ ಮೊದಲೇ ತಾನೇ ಕೇಳತೊಡಗಿದಳು. ಇಷ್ಟು ಉಪ್ಪು ಸಾಕೇ, ಈಗ ಮಡಿಸಲೇ, ಇದು ದಪ್ಪವಾಯಿತೇ. ಕಲಿಯುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು.

ಮೂರು ತಿಂಗಳು ಕಳೆದಿರಬೇಕು. ಒಂದು ಸೋಮವಾರ ಅವಳು ಭುಜ ನೋಯುತ್ತಿದೆ ಎಂದಳು. ಅದರ ಮುಂದಿನ ವಾರ ಹಣ್ಣು ಚೆನ್ನಾಗಿಲ್ಲ ಎಂದಳು. ಕೆಲವು ದಿನಗಳಲ್ಲಿ ಓವನ್ ಮೇಲೆ ಒಂದು ಹಳೆಯ ಬಟ್ಟೆ ಬಂತು, ಬಟ್ಟೆಯ ಮೇಲೆ ಡಬ್ಬಗಳು ಬಂದವು. ಅಚ್ಯುತ ಎರಡು ಸಲ ಕೇಳಿದ. “ಆಸೆ ಇತ್ತು, ತೀರಿತು” ಎಂದು ಅವಳು ನಕ್ಕಳು. ಅವನೂ ಅಷ್ಟಕ್ಕೇ ಬಿಟ್ಟ. ಈಗ ಸೋಮವಾರ ಮಧ್ಯಾಹ್ನ ಅವಳು ಅಕ್ಕ ಗಿರಿಜೆಯ ಮನೆಗೆ ಹೋಗುತ್ತಿದ್ದಳು. ಎರಡು ಬೀದಿ ಆಚೆ ಇದ್ದ ಗಿರಿಜೆಯ ಮನೆಯಲ್ಲಿ ಗಿರಿಜೆ ಒಬ್ಬಳೇ. ಅಕ್ಕತಂಗಿಯರು ಮಾತಾಡಿಕೊಂಡಿರಲಿ ಎಂದುಕೊಂಡು ಅವನು ನಿದ್ದೆ ಮಾಡುತ್ತಿದ್ದ.

ಒಂದು ಸೋಮವಾರ ಅವಳು ಬೇಕರಿಯ ಬೀಗದ ಕೈಯನ್ನೂ ತನ್ನ ಗೊಂಚಲಿನಲ್ಲೇ ತೆಗೆದುಕೊಂಡು ಹೋಗಿದ್ದಳು. ಮಾರನೆಯ ದಿನಕ್ಕೆ ಹಿಟ್ಟು ಕಲಸಿಡಬೇಕಾಗಿತ್ತು. ಅಚ್ಯುತ ಬೀಗದ ಕೈ ತರಲು ಹೊರಟ.

ಗಿರಿಜೆಯ ಮನೆಯ ಹತ್ತಿರ ಬರುತ್ತಲೇ ಅವನಿಗೆ ಸುಟ್ಟ ಬೆಣ್ಣೆಯ ವಾಸನೆ ಹತ್ತಿತು. ಹಿಂದೆಯೇ ಮೆಣಸಿನ ಘಾಟು. ಮುಂಬಾಗಿಲು ತಟ್ಟದೆ ಅವನು ಬಳಸಿಕೊಂಡು ಹಿತ್ತಿಲಿಗೆ ಹೋದ. ಅಡುಗೆಮನೆಯ ಕಿಟಕಿ ತೆರೆದಿತ್ತು.

ಒಳಗೆ ಸುಭದ್ರೆ ಹಿಟ್ಟು ಲಟ್ಟಿಸುತ್ತಿದ್ದಳು. ಆ ಮನೆಯಲ್ಲಿ ಓವನ್ ಇರಲಿಲ್ಲ. ದಪ್ಪ ತಳದ ಪಾತ್ರೆಗೆ ಮರಳು ಸುರಿದು, ಮುಚ್ಚಳ ಮುಚ್ಚಿ, ಅದರಲ್ಲಿ ಬೇಯಿಸುತ್ತಿದ್ದರು. ಹಾಳೆ ಸೊಟ್ಟಗಿತ್ತು. ಬೆಣ್ಣೆ ಎರಡು ಕಡೆ ಹೊರಗೆ ಬಂದಿತ್ತು. ಬಂದಲ್ಲಿಗೆ ಅವಳು ಒಣಹಿಟ್ಟು ಮೆತ್ತಿ, ಅಂಗೈಯಿಂದ ತಟ್ಟಿ, “ಹೋಗು, ಒಳಗೆ ಹೋಗು” ಎಂದು ಬೆಣ್ಣೆಗೇ ಹೇಳುತ್ತಿದ್ದಳು. ತಟ್ಟೆಯಲ್ಲಿ ಆಗಲೇ ಬೆಂದ ಐದು ಪಫ್‌ಗಳಿದ್ದವು. ಎರಡರ ಹೊಟ್ಟೆ ಒಡೆದು ಹಣ್ಣಿನ ರಸ ಹರಿದು ಕರಕಲಾಗಿತ್ತು. ಹೆಬ್ಬೆರಳು ಗಾತ್ರದ ಹೋಳುಗಳು ಹೊರಗೆ ಇಣುಕುತ್ತಿದ್ದವು. ಸುಭದ್ರೆ ಒಂದನ್ನು ಮುರಿದು ಊದಿ ಅಕ್ಕನ ಬಾಯಿಗಿಟ್ಟಳು.

“ಅಯ್ಯೋ, ಖಾರ ನೆತ್ತಿಗೇರಿತು ಕಣೇ!” ಎಂದು ಗಿರಿಜೆ ಕೆಮ್ಮಿದಳು. “ಇನ್ನೊಂದು ಕೊಡು.”

ಇಬ್ಬರೂ ನಗತೊಡಗಿದರು. ಸುಭದ್ರೆ ಗೋಡೆಗೆ ಒರಗಿ, ಹಿಟ್ಟಿನ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಕಿಟಕಿಯ ಹೊರಗೆ ನಿಂತ ಅಚ್ಯುತನಿಗೆ ಮೊದಲು ಕಂಡದ್ದು ಆ ತಟ್ಟೆಯಲ್ಲಿನ ತಪ್ಪುಗಳು. ಎಣಿಸಬೇಕೆಂದಿರಲಿಲ್ಲ, ಕಣ್ಣು ತಾನಾಗಿಯೇ ಎಣಿಸಿತು. ನಗು ಕೇಳಿಸಿದ್ದು ಆಮೇಲೆ. ಅದು ಯಾರ ನಗು ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಅವಳು ಹಾಗೆ ನಗುವುದನ್ನು ಅವನು ಕೇಳಿರಲಿಲ್ಲ. ಅಥವಾ ಕೇಳಿ ಮರೆತಿದ್ದ. ಒಂದು ತುಂಡು ತನ್ನ ಬಾಯಿಗೂ ಬೀಳಬೇಕು ಎಂಬ ಆಸೆ ಹುಟ್ಟಿತು.

ಆಗ ಅವನು ಬಂದ ದಾರಿಯಲ್ಲೇ ಹಿಂದಿರುಗಬಹುದಾಗಿತ್ತು. ಹಿಟ್ಟು ಒಂದು ದಿನ ಕಲಸಿಡದಿದ್ದರೆ ಊರೇನೂ ಮುಳುಗುತ್ತಿರಲಿಲ್ಲ. ಆದರೆ ಅವನು ಹಿತ್ತಿಲ ಬಾಗಿಲು ತಳ್ಳಿ ಒಳಗೆ ಹೋದ.

ಸುಭದ್ರೆ ತಿರುಗಿ ನೋಡಿದಳು. ನಗು ನಿಂತಿತು. ಬೆಚ್ಚಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು, ಹಲಗೆಯ ಮೇಲಿದ್ದ ಲಟ್ಟಣಿಗೆ ಎತ್ತಿ ಅವನ ಕಡೆಗೆ ಚಾಚಿದಳು.

“ಬನ್ನಿ. ಬೆಣ್ಣೆ ಹೊರಗೆ ಬಂದುಬಿಟ್ಟಿದೆ.”

ಅವನು ಕೇಳಿರಲಿಲ್ಲ. ಕೈಯನ್ನೂ ಚಾಚಿರಲಿಲ್ಲ. ಆದರೂ ಲಟ್ಟಣಿಗೆ ಅವನ ಕೈಗೆ ಬಂದಿತ್ತು.

“ನಾನು ಮಾಡಲು ಬಂದದ್ದಲ್ಲ. ನನಗೂ ಒಂದು ಕೊಡು” ಎಂದ.

ಅಷ್ಟರಲ್ಲಿ ಅವಳು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿದ್ದಳು. “ಇದು ನಿಮಗೆ ಕೊಡುವ ಹಾಗಿಲ್ಲ. ಕೆಟ್ಟಿದೆ. ಮುಂದಿನ ವಾರ ಮನೆಯಲ್ಲಿ ಸರಿಯಾಗಿ ಮಾಡಿಕೊಡುತ್ತೇನೆ.”

“ಇದೇ ಇರಲಿ, ಸುಭದ್ರೆ.”

“ಬೇಡ ಅಂದೆನಲ್ಲ” ಎಂದಳು ಮೆಲ್ಲಗೆ. ಬೀಗದ ಕೈ ಬಿಚ್ಚಿ ಕೊಟ್ಟಳು. ಗಿರಿಜೆ ಒಲೆಯ ಕಡೆ ತಿರುಗಿ ನಿಂತಿದ್ದಳು. ಅಚ್ಯುತ ಲಟ್ಟಣಿಗೆಯನ್ನು ಹಲಗೆಯ ಮೇಲಿಟ್ಟು ಹೊರಗೆ ಬಂದ.

ಮಾತು ಕೊಟ್ಟಂತೆ ಮುಂದಿನ ಸೋಮವಾರ ಅವಳು ಮನೆಯಲ್ಲಿ ಡಬ್ಬಗಳನ್ನಿಳಿಸಿ ಓವನ್ ಒರೆಸಿದಳು. ಅವನು ಬೇಕೆಂದೇ ಅಡುಗೆಮನೆಯ ಕಡೆ ಸುಳಿಯಲಿಲ್ಲ. ಜಗಲಿಯ ಮೇಲೆ ಪೇಪರ್ ಹಿಡಿದು ಕುಳಿತ. ಅರ್ಧ ಗಂಟೆಗೆ ಅವಳೇ ಬಾಗಿಲಿಗೆ ಬಂದಳು.

“ಇಷ್ಟು ತೆಳ್ಳಗಾದರೆ ಸಾಕೇ, ನೋಡುತ್ತೀರಾ?”

“ನಿನಗೆ ಹೇಗೆ ಬೇಕೋ ಹಾಗೆ ಮಾಡು” ಎಂದ ಅವನು, ಮನಸಾರೆ.

ಅವಳು ಹೊಸಿಲಲ್ಲೇ ನಿಂತಳು. ಅವನ ಮುಖ ನೋಡಿದಳು. “ನನಗೆ ಹೇಗೆ ಬೇಕೋ ಹಾಗೆ ಅಂದರೆ ಹೇಗೆ?” ಎಂದು ಕೇಳಿದಳು. ಅದರಲ್ಲಿ ಕೊಂಕಿರಲಿಲ್ಲ. ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅದು. ಅವನು ಪೇಪರ್ ತಿರುವಿಹಾಕಿದ. ಅವಳು ಒಳಗೆ ಹೋದಳು. ಇನ್ನೂ ಮೂರು ಸಲ ಬಂದು ಕೇಳಿದಳು.

ಸಂಜೆ ತಟ್ಟೆ ತಂದು ಮುಂದಿಟ್ಟಳು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಒಂದೂ ಒಡೆದಿರಲಿಲ್ಲ. ಕಚ್ಚಿದರೆ ಪದರಗಳು ಸದ್ದು ಮಾಡಿ ಉದುರಿದವು. ಒಳಗಿನ ಹಣ್ಣು ನುಣ್ಣಗೆ, ಹದವಾಗಿ ಸಿಹಿಯಾಗಿತ್ತು. ಇಪ್ಪತ್ತೆಂಟು ವರ್ಷ ದಿನವೂ ತಿಂದ ತನ್ನದೇ ಪಫ್ ಅವನ ಬಾಯಲ್ಲಿತ್ತು. ಅವಳು ಎದುರಿಗೆ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು.

“ಚೆನ್ನಾಗಿದೆ” ಎಂದ.

ಅವಳು ಉಸಿರು ಬಿಟ್ಟಳು. ಪಾತ್ರೆ ತೊಳೆಯಲು ಹೋದಳು.

ಆಮೇಲೆ ಅವಳು ಯಾವ ಮನೆಯಲ್ಲೂ ಪಫ್ ಮಾಡಲಿಲ್ಲ. ಗಿರಿಜೆಯ ಮನೆಗೆ ಹೋಗುತ್ತಿದ್ದಳು; ಅಲ್ಲಿ ಹೂ ಕಟ್ಟುತ್ತಿದ್ದಳು, ಅವರೆಕಾಯಿ ಸುಲಿಯುತ್ತಿದ್ದಳು, ಸಂಜೆಗೆ ಬರುತ್ತಿದ್ದಳು. ಮನೆಯಲ್ಲಿ ಜಗಳವಿರಲಿಲ್ಲ, ಮುನಿಸಿರಲಿಲ್ಲ. ಅವನ ಊಟ, ಬಟ್ಟೆ, ಔಷಧಿ ಎಲ್ಲ ಹೊತ್ತುಹೊತ್ತಿಗೆ ನಡೆಯುತ್ತಿತ್ತು. ಅದಕ್ಕೇ ಅವನಿಗೆ ಏನು ಹೇಳಿ ಕ್ಷಮೆ ಕೇಳುವುದೆಂದು ತಿಳಿಯಲಿಲ್ಲ. ಒಂದು ದಿನ ಧೈರ್ಯಮಾಡಿ, “ಪಫ್ ಮಾಡುವುದನ್ನು ನಾನೇ ನಿನ್ನ ಕೈಯಿಂದ ಬಿಡಿಸಿಬಿಟ್ಟೆ” ಎಂದ. “ಎಂಥ ಮಾತು ಆಡುತ್ತೀರಿ, ನೀವಲ್ಲವೇ ಕಲಿಸಿದ್ದು?” ಎಂದಳು ಅವಳು.

ಏಳು ವರ್ಷದ ಮೇಲೆ ಸುಭದ್ರೆ ತೀರಿಕೊಂಡಳು. ಎರಡು ದಿನದ ಜ್ವರ, ಅಷ್ಟೇ. ಹದಿಮೂರನೆಯ ದಿನ ಬಂದವರೆಲ್ಲ ಹೊರಟ ಮೇಲೆ ಗಿರಿಜೆ ಉಳಿದಿದ್ದಳು. ಅಚ್ಯುತ ಅವಳ ಎದುರು ಬಂದು ಕುಳಿತ.

“ಅತ್ತಿಗೆ, ಆ ದಿನ ನಿಮ್ಮ ಮನೆಯಲ್ಲಿ ಅವಳು ಮಾಡಿದ್ದಳಲ್ಲ. ಅದು ಹೇಗಿತ್ತು?”

“ಹೇಗೆ ಅಂತ ಹೇಳಲಿ? ತಳ ಸೀದಿತ್ತು. ಖಾರ ಜಾಸ್ತಿಯಾಗಿತ್ತು. ನಾನು ಮೂರು ತಿಂದೆ” ಎಂದಳು ಗಿರಿಜೆ. ಸೆರಗಿನಿಂದ ಕಣ್ಣೊರೆಸಿಕೊಂಡು ಆಮೇಲೆ ಕೇಳಿದಳು: “ನೀವು ಆ ದಿನ ಯಾಕೆ ಒಳಗೆ ಬಂದಿರಿ?”

ಆ ಮೇಲೂ ಅವನು ಹತ್ತು ವರ್ಷ ಬದುಕಿದ. ಬೇಕರಿಯ ಕೆಲಸಗಾರರು ಏನು ಮಾಡಿ ತಂದು ತೋರಿಸಿದರೂ ಮೊದಲು ತಿಂದು ನೋಡುತ್ತಿದ್ದ. ಹೇಗಿದೆ ಎಂದು ಅವರು ಕೇಳಿದರೆ, ಇನ್ನೊಂದು ಕೊಡು ಎನ್ನುತ್ತಿದ್ದ. ಅದನ್ನು ಮೊದಲೇ ಕಲಿಯಲಾಗಲಿಲ್ಲವಲ್ಲ ಎಂಬ ಕೊರಗು ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಿರಲಿಲ್ಲ.

“ಆದರೆ ಗುರುಗಳೇ, ಅವನು ಹೇಳಿಕೊಟ್ಟದ್ದರಲ್ಲಿ ತಪ್ಪು ಯಾವುದಿತ್ತು?”

“ಒಂದೂ ಇರಲಿಲ್ಲ” ಎಂದರು ಗುರುಗಳು. “ಒಂದಾದರೂ ಇದ್ದಿದ್ದರೆ ಅವಳು ಜಗಳವಾಡಿ ಲಟ್ಟಣಿಗೆಯನ್ನು ಉಳಿಸಿಕೊಳ್ಳುತ್ತಿದ್ದಳು.”